ಗುರಪ್ಪನ ಹಗಲು

"ಗುರಪ್ಪನ ಮನಿ ಯಾವುದು ತಂಗಿ?"

ಬಸಂತರಾಯ ಹೀಗೆ ಕೇಳುತ್ತ ನಿಂತದ್ದು ಇದು ಮೂರನೆಯ ಬಾಗಿಲು. ಹಗ್ಗದ ಮೇಲೆ ಒದ್ದೆ ಸೀರೆ ಹರವುತ್ತಿದ್ದ ಹೆಂಗಸು ಅವನ ಬಿಳಿ ಧೋತರ, ತಲೆಯ ರುಮಾಲು ನೋಡಿ ಸೆರಗು ಸರಿಮಾಡಿಕೊಂಡಳು. ದೇವರ ಹಿಪ್ಪರಗಿಯ ಆ ಓಣಿಯಲ್ಲಿ ಗೌಡರ ಮನೆತನದವರು ಕಾಲಿಡುವುದು ಚುನಾವಣೆ ಬಂದಾಗ ಮಾತ್ರ.

"ಯಾವ ಗುರಪ್ಪನ್ರಿ ಗೌಡ್ರ? ಇಲ್ಲಿ ಮೂರು ಮಂದಿ ಅದಾರ."

"ಬಾರಿನ ಗುರಪ್ಪ."

"ಅಯ್ಯ, ತೀರಿಕೊಂಡಾನಲ್ರಿ, ಅಂವೇನು? ಸೀದಾ ಹೋಗ್ರಿ. ಹಲಗಿ ಸಪ್ಪಳ ಕೇಳಾಕತ್ತೈತಲ್ಲ, ಅಲ್ಲೇ."

ಸಾವಿನ ಹಲಗೆಯ ಬಡಿತ ಆಗಿನಿಂದಲೂ ಅವನಿಗೆ ಕೇಳುತ್ತಿತ್ತು. ಅದು ಆಚೆ ಓಣಿಯದಿರಬೇಕು ಎಂದುಕೊಂಡು ಬಾಗಿಲು ಬಾಗಿಲು ಕೇಳುತ್ತ ಬಂದಿದ್ದ. ಬಾರಿನಿಂದ ಈ ಓಣಿಗೆ ಒಂದು ಬೀಡಿ ಸೇದಿ ಮುಗಿಸುವಷ್ಟು ದಾರಿ. ಇಪ್ಪತ್ತಾರು ವರ್ಷ ಆ ಮನುಷ್ಯ ತನ್ನ ಮುಂದೆ ಗ್ಲಾಸು ತಂದಿಟ್ಟಿದ್ದ. ಅವನ ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿದ್ದುದು ಗೊತ್ತಿತ್ತು, ಗ್ಲಾಸು ಇಡುವಾಗ ಸದ್ದಾಗದಂತೆ ಕಿರುಬೆರಳನ್ನು ಕೆಳಗೆ ಕೊಡುತ್ತಿದ್ದುದೂ ಗೊತ್ತಿತ್ತು. ಮನೆ ಎಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಬೇವು ಹೂ ಬಿಟ್ಟ ಕಾಲ. ಬಿಸಿಲಿನಲ್ಲಿ ಓಣಿಯ ತಗಡುಗಳು ನೀರಿನೊಳಗಿನಿಂದ ನೋಡಿದಂತೆ ಅಲುಗುತ್ತಿದ್ದವು. ಬೆಳಿಗ್ಗೆ ಹತ್ತೂವರೆಗೆ ದರ್ಜಿ ಕಾಂತು ಫೋನು ಮಾಡಿ, "ಗೌಡ್ರ, ಗುರಪ್ಪ ಹೋದ" ಅಂದಾಗ ಬಸಂತರಾಯ, "ಎಲ್ಲಿಗೆ? ಸಿಂದಗಿಗೇನು?" ಎಂದು ಕೇಳಿದ್ದ.

ಮನೆಯ ಮುಂದೆ ಹೊಸ ಪೆಂಡಾಲು. ಒಳಗೆ, ಬುದ್ಧನ ಮತ್ತು ಬಾಬಾಸಾಹೇಬರ ಚಿತ್ರಗಳ ಕೆಳಗೆ, ಗೋಡೆಗೆ ಆನಿಸಿ ಗುರಪ್ಪನನ್ನು ಕೂರಿಸಿದ್ದರು. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು. ಕೊರಳಲ್ಲಿ ಚೆಂಡುಹೂವಿನ ಮಾಲೆ. ಗುರಪ್ಪ ಕೂತದ್ದನ್ನು ಬಸಂತರಾಯ ನೋಡಿದ್ದು ಇದೇ ಮೊದಲು.

ಯಾರೋ ಓಡಿಹೋಗಿ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದರು. "ಕುಂದರ್ರಿ ಗೌಡ್ರ."

"ಇರಲಿ," ಅಂದ ಬಸಂತರಾಯ. ಕುರ್ಚಿ ಅಲ್ಲೇ ಬಿಸಿಲಲ್ಲಿ ಉಳಿಯಿತು.

ಪೆಂಡಾಲಿನ ಒಂದು ಬದಿಗೆ ಕಾಂತು, ಅವನ ಪಕ್ಕ ನಿವೃತ್ತ ಪೋಸ್ಟ್‌ಮನ್ ಶ್ರೀಶೈಲ ಕೂತಿದ್ದರು. ಇಬ್ಬರೂ ದಿನಾ ಸಂಜೆ ಬಾರಿಗೆ ಬರುವವರು. ಬಾರಿನ ಮಬ್ಬಿನಲ್ಲಿ ಇಷ್ಟು ವರ್ಷ ನೋಡಿದ ಮುಖಗಳು ಹಗಲಿನಲ್ಲಿ ಒಬ್ಬರಿಗೊಬ್ಬರು ಸ್ವಲ್ಪ ಮುದುಕರಾಗಿ ಕಂಡರು. ಕಾಂತು ಸರಿದು ಜಾಗ ಮಾಡಿದ. ಬಸಂತರಾಯ ಜಮಖಾನದ ಮೇಲೆ ಕೂತ.

"ಯಾವಾಗ ಎತ್ತತಾರ?"

"ಮಗಳು ಬರಬೇಕ್ರಿ," ಅಂದ ಕಾಂತು. "ಮುದ್ದೇಬಿಹಾಳದಾಗ ಸಾಲಿ ಟೀಚರ್ ಅದಾಳಂತ. ಬಾಗೇವಾಡಿಗೆ ಬಂದು ಬಸ್ಸು ಬದಲಿ ಮಾಡಬೇಕು. ಮೂರು ಆಗತೈತಿ ಅಂದ್ರು."

"ಮಗಳು ಇದ್ಳೇನು ಅವಗ?"

ಕಾಂತು ತಲೆ ತಗ್ಗಿಸಿದ. "ನನಗೂ ಇವತ್ತ ಗೊತ್ತಾತ್ರಿ."

ಗುರಪ್ಪನ ಹೆಂಡತಿ ಹುಲಿಗೆವ್ವ ಹೆಣದ ಪಕ್ಕದಿಂದ ಎದ್ದು ಇವರ ಕಡೆ ಬಂದಳು. ಸಣಕಲು ದೇಹ, ಕೆದರಿದ ನರೆಗೂದಲು. ಕಣ್ಣು ಒಣಗಿದ್ದವು. ಮುಂಜಾನೆ ಒಂಬತ್ತಕ್ಕೆ ದಿನದಂತೆ ಎಬ್ಬಿಸಲು ಹೋದವಳು ಅವಳೇ. ನಿದ್ದೆಯಲ್ಲೇ ಜೀವ ಹೋಗಿತ್ತು.

"ನೀವು ಬಾರಿನವ್ರೇನ್ರಿ?" ಅಂದಳು.

ಮೂವರೂ ಒಮ್ಮೆಲೇ ತಪ್ಪು ಮಾಡಿದವರಂತೆ ನೋಡಿದರು. "ಹೌದು ಯಕ್ಕಾ," ಅಂದ ಕಾಂತು.

ಅವಳು ಅಲ್ಲೇ ನೆಲದ ಮೇಲೆ ಕೂತಳು. "ನಂದೊಂದು ಮಾತು ಐತ್ರಿ. ಮಗಳು ಬರೂತನಾ ಹೊತ್ತು ಐತಿ, ಅದಕ್ಕ ಕೇಳತೇನಿ. ಇಪ್ಪತ್ತಾರು ವರ್ಷ ಮುಂಜಾನೆ ಹತ್ತಕ್ಕ ಹೋಗತಿದ್ದ. ತಿರುಗಿ ಬರೂದ್ರಾಗ ನನಗ ಒಂದು ನಿದ್ದಿ ಆಗಿರ್ತಿತ್ತು. ಉಂಡು ಮಲಗತಿದ್ದ. ಎದ್ದು ಮೈಮ್ಯಾಲ ನೀರು ಹಾಕ್ಕೊಂಡು ಮತ್ತ ಹೋಗತಿದ್ದ. ಹಗಲೆಲ್ಲ ನಿಮ್ಮ ಕೂಡ ಇದ್ದ. ಅಲ್ಲಿ ಆಂವ ಹ್ಯಾಂಗಿದ್ದ, ಹೇಳ್ರಿ. ನಗತಿದ್ದನೇನು?"

ಹಲಗೆ ಬಡಿಯುವವನು ಬೀಡಿ ಹಚ್ಚಲು ನಿಲ್ಲಿಸಿದ್ದ.

"ಭಾಳ ಚಲೋ ಮನಷ್ಯಾ ಯಕ್ಕಾ," ಅಂದ ಕಾಂತು.

"ಅದನ್ನ ಎಲ್ಲಾರೂ ಅಂತಾರಪ್ಪ. ಹೆಣದ ಮುಂದ ಕೂತು ಕೆಟ್ಟಾಂವ ಅಂತ ಯಾರು ಅಂತಾರ? ಏನು ಮಾತಾಡ್ತಿದ್ದ, ಅದನ್ನ ಹೇಳು."

ಕಾಂತು ಬಾಯಿ ತೆರೆದ. ಹೊಲಿಗೆ ಯಂತ್ರ ಕೆಟ್ಟದ್ದು, ಬೆನ್ನುನೋವು, ರೆಡಿಮೇಡ್ ಅಂಗಿ ಬಂದ ಮೇಲೆ ಗಿರಾಕಿ ಕಡಿಮೆಯಾದದ್ದು, ತಮ್ಮನೊಡನೆ ಮಾತು ಬಿಟ್ಟದ್ದು: ಎಲ್ಲವನ್ನೂ ಗುರಪ್ಪನ ಮುಂದೆ ಹೇಳಿದ್ದ. ಗುರಪ್ಪ ಏನಂದಿದ್ದ? ಎಷ್ಟು ಹುಡುಕಿದರೂ ನೆನಪಿಗೆ ಬಂದದ್ದು ಒಂದೇ.

"ಹೂಂ ಅಂತಿದ್ದ," ಅಂದ.

ಶ್ರೀಶೈಲ ಕೆಮ್ಮಿದ. "ನನ್ನ ಮಗಳ ಲಗ್ನದ ಮಾತು ಮುರದಾಗ ನಾ ಹಗಲ ಹನ್ನೆರಡಕ್ಕ ಹೋಗಿ ಕೂತಿದ್ದೆ ಯವ್ವಾ. ಕುಡೀಲಿಲ್ಲ, ಉಣ್ಣಲಿಲ್ಲ. ಎರಡು ತಾಸು ನನ್ನ ಬಾಜೂಕ ನಿಂತಿದ್ದ."

"ಏನಂದ?"

"ಏನೂ ಅನ್ನಲಿಲ್ಲ. ನಿಂತಿದ್ದ."

ಹುಲಿಗೆವ್ವ ಬಸಂತರಾಯನ ಕಡೆ ತಿರುಗಿದಳು. ಬಸಂತರಾಯ ಅವಳ ಕಣ್ಣಲ್ಲಿ ಒಂದನ್ನು ಹುಡುಕಿದ. ನಿಜ ಹೇಳಬೇಕೆಂದರೆ ಅವನು ಅಷ್ಟು ಅವಸರದಿಂದ ಬಂದದ್ದೇ ಅದಕ್ಕೆ: ತನ್ನೊಂದು ಗುಟ್ಟನ್ನು ಗುರಪ್ಪ ಇವಳಿಗೆ ಹೇಳಿದ್ದನೋ ಇಲ್ಲವೋ ಎಂಬ ಅಂಜಿಕೆಗೆ. ಆ ಕಣ್ಣಲ್ಲಿ ಏನೂ ಇರಲಿಲ್ಲ. ಬಾರಿಗೆ ಬರುವ ಮತ್ತೊಬ್ಬ ಎಂಬಂತೆ ಅವಳು ತನ್ನನ್ನು ನೋಡುತ್ತಿದ್ದಳು. ಎದೆ ಹಗುರಾಯಿತು, ಮರುಗಳಿಗೆಯಲ್ಲಿ ಆ ಹಗುರಕ್ಕೇ ಅವನಿಗೆ ನಾಚಿಕೆಯಾಯಿತು.

"ನನಗ ಏನೂ ನೆನಪಾಗವಲ್ದು ತಂಗಿ," ಅಂದ.

* * *

ಬಾರಿನ ಪಡುವಣ ಕಿಟಕಿಗೆ ಮರದ ಅಡ್ಡಪಟ್ಟಿಗಳಿದ್ದವು. ಸಂಜೆ ಆರಕ್ಕೆ ಅವುಗಳ ಸಂದಿನಿಂದ ಬಿಸಿಲು ಮೇಜಿನ ಮೇಲೆ ಗೆರೆಗೆರೆಯಾಗಿ ಬೀಳುತ್ತಿತ್ತು. ಬಸಂತರಾಯ ಕೂರುತ್ತಿದ್ದುದು ಅಲ್ಲಿ. ಮನೆಯಲ್ಲಿ ಅವನು ಯಜಮಾನ, ಊರಲ್ಲಿ ಗೌಡ, ಪಂಚಾಯಿತಿ ಕಟ್ಟೆಯ ಮೇಲೆ ಕಡೆಯ ಮಾತು ಆಡುವವನು. ಆ ಮೇಜಿನ ಮುಂದೆ ಕೂತಾಗ ಬರೀ ಅರವತ್ತೇಳರ ಒಬ್ಬ ಮನುಷ್ಯ. ಪಕ್ಕದ ಮೇಜಿನಲ್ಲಿ ಹಮಾಲಿ ಮಾಡುವವನಿರುತ್ತಿದ್ದ, ಅದರಾಚೆ ದರ್ಜಿ. ಎಲ್ಲರ ಗ್ಲಾಸನ್ನೂ ಗುರಪ್ಪ ಒಂದೇ ಬಕೆಟ್ಟಿನಲ್ಲಿ ತೊಳೆಯುತ್ತಿದ್ದ. ಗುರಪ್ಪನ ಓಣಿಯವರು ನೀರು ಕೇಳಿದರೆ ಎರಡು ಮಾರು ದೂರ ನಿಲ್ಲಿಸಿ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದ ಮನೆತನ ಬಸಂತರಾಯನದು. ಬಾರಿನ ಹೊಸ್ತಿಲು ದಾಟಿದ ಮೇಲೆ ಅದು ಯಾರ ನೆನಪಿಗೂ ಬರುತ್ತಿರಲಿಲ್ಲ, ಹೊರಗೆ ಬಂದ ಮೇಲೆ ಮತ್ತೆ ಬರುತ್ತಿತ್ತು.

ನಾಲ್ಕು ವರ್ಷದ ಹಿಂದಿನ ಒಂದು ಮಂಗಳವಾರ ಬಸಂತರಾಯ ಗ್ಲಾಸು ಮುಟ್ಟದೆ ಕೂತಿದ್ದ. ಗುರಪ್ಪ ಶೇಂಗಾ ತಟ್ಟೆ ಇಟ್ಟು ಅಲ್ಲೇ ನಿಂತ. ಯಾಕೆಂದು ಕೇಳಲಿಲ್ಲ.

ಮಗಳು ಜಯಮಾಲಾ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಇಂಡಿಯಲ್ಲಿ ಮನೆ ಮಾಡಿದಾಗ ಬಸಂತರಾಯ ನಾಲ್ಕು ಮಂದಿಯ ಮುಂದೆ, "ಆಕಿ ಸತ್ತಳು" ಎಂದು ತಲೆಮೇಲೆ ನೀರು ಸುರಿದುಕೊಂಡಿದ್ದ. ಹೆಂಡತಿ ರುಕ್ಮವ್ವನಿಗೆ ಆ ಹೆಸರು ಎತ್ತಕೂಡದೆಂದು ತಾಕೀತು ಮಾಡಿದ್ದ. ಆದರೆ ತಿಂಗಳಿಗೊಮ್ಮೆ ತೋಟದ ನಿಂಬೆಕಾಯಿ ಇಂಡಿ ಪೇಟೆಗೆ ಒಯ್ಯುತ್ತೇನೆಂದು ಟೆಂಪೋ ಹತ್ತುತ್ತಿದ್ದ. ಚೀಲಗಳನ್ನು ಇಳಿಸಿದ ಮೇಲೆ ಅವಳ ಮನೆಯ ಎದುರಿನ ರಸ್ತೆಯಾಚೆ, ಕಬ್ಬಿನಹಾಲಿನ ಗಾಡಿಯ ಮರೆಯಲ್ಲಿ ನಿಲ್ಲುತ್ತಿದ್ದ. ಮಗಳು ಕಂಡದ್ದು ನಾಲ್ಕೈದು ಸಲ. ಪ್ರತಿಸಲ ಕಾಣುತ್ತಿದ್ದುದು ಮಹಡಿಯ ಹಗ್ಗದ ಮೇಲಿನ ಬಟ್ಟೆ. ಮೊದಲು ಕೂಸಿನ ತಲೆಗೆ ಹಾಕುವ ಅಂಗೈಯಗಲದ ಕುಂಚಿಗೆ. ಆಮೇಲೆ ಲಂಗ. ಆ ತಿಂಗಳು ಶಾಲೆಯ ನೀಲಿ ಸಮವಸ್ತ್ರ. ಮೊಮ್ಮಗಳೊಬ್ಬಳು ಹುಟ್ಟಿ ಶಾಲೆಗೆ ಹೋಗುವಷ್ಟು ದೊಡ್ಡವಳಾದದ್ದನ್ನು ಬಸಂತರಾಯ ತಿಳಿದದ್ದು ಹಗ್ಗದಿಂದ.

ಅಷ್ಟನ್ನೂ ಅವತ್ತು ಗುರಪ್ಪನಿಗೆ ಹೇಳಿದ. ಹೇಳಿ, "ಯಾರ ಮುಂದೂ ಆಡಬ್ಯಾಡ" ಎಂದ. ಗುರಪ್ಪ ಮೇಜು ಒರೆಸುತ್ತಿದ್ದ ಅರಿವೆಯನ್ನು ಹೆಗಲ ಮೇಲೆ ಹಾಕಿಕೊಂಡ. ಗೆರೆಗೆರೆ ಬಿಸಿಲು ಅವನ ಅಂಗಿಯ ಮೇಲೆ ಬಿದ್ದಿತ್ತು. ಒಂದೇ ಒಂದು ಮಾತು ಅಂದ. ಬಸಂತರಾಯ ಸಿಟ್ಟಿನಿಂದ ಎದ್ದು ಹೋಗಿದ್ದ. ಎಂಟು ದಿನ ಬಾರಿನ ಕಡೆ ಹಾಯಲಿಲ್ಲ. ಒಂಬತ್ತನೆಯ ದಿನ ಹೋದಾಗ ಏನೂ ಆಗದವನಂತೆ ಗುರಪ್ಪ, ಕಿರುಬೆರಳು ಕೆಳಗೆ ಕೊಟ್ಟು, ಸದ್ದಾಗದಂತೆ ಗ್ಲಾಸು ಇಟ್ಟಿದ್ದ.

* * *

ಎರಡು ಗಂಟೆಯ ಸುಮಾರಿಗೆ ನಜಮಾ ಬಂದಳು. ಬಾರಿನ ಮೆಟ್ಟಿಲ ಬದಿಗೆ ಬುಟ್ಟಿ ಇಟ್ಟುಕೊಂಡು ಕುದಿಸಿದ ತತ್ತಿ, ಹುರಿದ ಶೇಂಗಾ ಮಾರುವವಳು. ವಯಸ್ಸು ಅರವತ್ತು ದಾಟಿತ್ತು. ಹುಲಿಗೆವ್ವನ ಪಕ್ಕ ಕೂತು ಅವಳ ಕೈ ಹಿಡಿದು, "ಯಕ್ಕಾ, ಇವತ್ತಿನ ಕನಸು ನನಗ ಗೊತ್ತಾಗಲೇ ಇಲ್ಲ" ಎಂದು ಅತ್ತಳು.

"ಯಾವ ಕನಸು?"

"ದಿನಾ ಹೇಳ್ತಿದ್ದನಲ್ಲ."

ಹುಲಿಗೆವ್ವ ಕೈ ಬಿಡಿಸಿಕೊಂಡಳು. "ಏನು ಹೇಳ್ತಿದ್ದ?"

ನಜಮಾ ಸುತ್ತ ಕೂತವರನ್ನು ನೋಡಿ, ಆಮೇಲೆ ಗೋಡೆಗೆ ಆನಿಸಿದ್ದ ಗುರಪ್ಪನ ಮುಖವನ್ನು ನೋಡಿದಳು, ಅಪ್ಪಣೆ ಕೇಳುವಂತೆ. "ಮೂರರಿಂದ ನಾಕರತನ ಬಾರಿನ್ಯಾಗ ಯಾರೂ ಇರಂಗಿಲ್ಲ. ಉಣ್ಣಾಕ ಬಂದವ್ರು ಹೋಗಿರ್ತಾರ, ಕುಡಿಯಾಕ ಬರಾವ್ರು ಇನ್ನೂ ಬಂದಿರಂಗಿಲ್ಲ. ಆ ಹೊತ್ತಿಗೆ ಮೆಟ್ಟಿಲ ಮ್ಯಾಲ ಬಂದು ನಿಲ್ಲತಿದ್ದ. 'ನಜಮಾಬಿ, ಇವತ್ತ ಹಿಂಗ ಬಿತ್ತು ನೋಡು' ಅಂತಿದ್ದ. ರಾತ್ರಿ ಬಿದ್ದ ಕನಸು ಹೇಳ್ತಿದ್ದ."

"ನನಗ ಒಂದೂ ಹೇಳಲಿಲ್ಲ," ಅಂದಳು ಹುಲಿಗೆವ್ವ. ದನಿ ಸಣ್ಣದಾಗಿತ್ತು. "ನಿನಗ ಹೇಳಿದ."

"ನನಗಂತ ಅಲ್ಲ ಯಕ್ಕಾ. ಆ ಹೊತ್ತಿನ್ಯಾಗ ಅಲ್ಲಿ ನಾ ಒಬ್ಬಾಕಿನ ಇರ್ತಿದ್ದೆ. ನಿನಗ ಹೇಳಿದ್ರ ಅಂಜತೀ ಅಂತಿದ್ದ. ಬರೇ ನೀರಿನ ಕನಸು. ನೀರು ಕಂಡ್ರ ಚಲೋ ಅಲ್ಲ ಅಂತ ನಿಮ್ಮವ್ವ ಅಂತಿದ್ಳಂತ, ಹೌದಲ್ಲ?"

ಹುಲಿಗೆವ್ವ ತಲೆಯಾಡಿಸಿದಳು.

"ಹೊಳಿ ಬರ್ತಿತ್ತು. ದೇವಣಗಾಂವದ ಹೊಳಿ, ಭೀಮಾ. ಬ್ಯಾಸಗಿ ಹೊಳಿ, ಮೊಳಕಾಲುದ್ದ ನೀರು. ಅದರಾಗ ನೀ ಮುಂದ ಮುಂದ ಹೊಂಟಿರ್ತಿದ್ದಿ, ಚಪ್ಪಲಿ ಕೈಯಾಗ ಹಿಡಕೊಂಡು. ಹಳದಿ ಸೀರಿ. ಯಾವಾಗ ಕಂಡ್ರೂ ಅದ ವಯಸ್ಸು, ಅದ ಸೀರಿ. 'ಹುಲಿಗೆವ್ವ ತಿರುಗಿ ನೋಡಲಿಲ್ಲ ಇವತ್ತು' ಅಂತಿದ್ದ ಒಮ್ಮೊಮ್ಮೆ. 'ಇವತ್ತು ನೋಡಿದ್ಳು' ಅಂದ ದಿನ ಭಾಳ ಖುಷಿ ಇರ್ತಿದ್ದ. ನಗತಿದ್ದ ಯಕ್ಕಾ. ಹಲ್ಲು ಕಾಣೂ ಹಂಗ ನಗತಿದ್ದ."

ಹುಲಿಗೆವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಿಚ್ಚುತ್ತ ಕೂತಿದ್ದಳು. "ಹಳದಿ ಅಲ್ಲ," ಅಂದಳು ಕೊನೆಗೆ. "ಹಣ್ಣಾದ ಲಿಂಬಿ ಬಣ್ಣ ಇತ್ತು. ನನ್ನ ತೌರು ಆ ದಂಡಿಗೆ. ಲಗ್ನದ ಮರುದಿನ ಹೊಳಿ ದಾಟಿ ಬಂದ್ವಿ. ಈ ದಂಡಿ ಊರಾಗ ಹುಟ್ಟಿದ್ರೂ ಅವಗ ಈಸಾಕ ಬರ್ತಿದ್ದಿಲ್ಲ. ನನ್ನ ಕೈ ಬಿಗಿಯಾಗಿ ಹಿಡದಿದ್ದ. ನಾ ಬೀಳಬಾರದು ಅಂತ ಹಿಡದಾನೋ, ತಾನ ಅಂಜಿ ಹಿಡದಾನೋ ಅಂತ ನನಗ ನಗಿ."

ಅವಳು ನಕ್ಕಳು. ಹಿಂದೆಯೇ ಕಣ್ಣು ತುಂಬಿದವು. ಮುಂಜಾನೆಯಿಂದ ಮೊದಲ ಸಲ.

"ಈ ಮಂದೀನೂ ಬರ್ತಿದ್ರು," ಎಂದು ನಜಮಾ ಗಂಡಸರ ಕಡೆ ಕೈ ಮಾಡಿದಳು. "ನಡು ಹೊಳ್ಯಾಗ ಬಾರಿನ ಮೇಜು ಹಾಕಿರ್ತಿದ್ವಂತ. ಎಲ್ಲಾರೂ ಮೊಳಕಾಲುದ್ದ ನೀರಾಗ ಕೂತು ಕುಡಿಯಾಕತ್ತಿರ್ತಿದ್ರಂತ. ಮೇಜಿನ ಕಾಲ ಸಂದ್ಯಾಗ ಮೀನ ಓಡ್ಯಾಡ್ತಿದ್ವಂತ. ಕಾಂತು ನೀರಾಗ ಕೂತು ಮಿಷನ್ ತುಳಿಯಾವ. ಪೋಸ್ಟಿನ ಮಾಮಾ ಒದ್ದಿ ಕಾಗದ ಹಂಚಾವ್ರು."

ಪೆಂಡಾಲಿನೊಳಗೆ ನಗೆ ಎದ್ದಿತು. ಹೆಣದ ಮುಂದೆ ನಗಬಾರದೆಂದು ಅದುಮಿದಷ್ಟೂ ಎದ್ದಿತು. ಶ್ರೀಶೈಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಗೌಡ್ರು ಒಬ್ಬರು ನೀರಿಗೆ ಇಳೀತಿದ್ದಿಲ್ಲಂತ," ಅಂದಳು ನಜಮಾ, ಬಸಂತರಾಯನನ್ನು ನೋಡದೆ. "ಯಾವಾಗ ಕಂಡ್ರೂ ದಂಡಿ ಮ್ಯಾಲ. ಧೋತರ ಮ್ಯಾಲ ಕಟ್ಟಿ, ಕೆರವು ಬಿಚ್ಚಿ ಇಟ್ಟು, ನಿಂತ ನಿಂತಿರ್ತಿದ್ರಂತ."

ನಗೆ ನಿಂತಿತು. ಬಸಂತರಾಯ ಜಮಖಾನದ ಪಟ್ಟೆಗಳನ್ನು ನೋಡುತ್ತಿದ್ದ. ಹಲಗೆಯ ಸದ್ದು ಮತ್ತೆ ಶುರುವಾಯಿತು, ದೂರದಲ್ಲಿ, ಆಚೆ ದಡದಲ್ಲಿ ಬಡಿಯುತ್ತಿರುವಂತೆ.

"ತಂಗಿ," ಅಂದ. "ಆಗಳೆ ಸುಳ್ಳು ಹೇಳಿದೆ. ನನಗ ಒಂದು ಮಾತು ಅಂದಿದ್ದ ಗುರಪ್ಪ."

ಕಾಂತು ತಲೆ ಎತ್ತಿದ. ಊರಿನ ನಾಲ್ಕಾರು ಮಂದಿ ಆಚೆ ನಿಂತವರೂ ಕಿವಿಗೊಟ್ಟರು. ಬಸಂತರಾಯನಿಗೆ ಅವರೆಲ್ಲ ಕಂಡರು. ಸಂಜೆಯೊಳಗೆ ಮಾತು ಪಂಚಾಯಿತಿ ಕಟ್ಟೆಗೆ ಮುಟ್ಟುತ್ತದೆಂಬುದೂ ಗೊತ್ತಿತ್ತು.

"ನನ್ನ ಮಗಳು ಜಯಮಾಲಾ ಸತ್ತಿಲ್ಲ. ಇಂಡ್ಯಾಗ ಅದಾಳ. ಲಿಂಬಿಕಾಯಿ ಮಾರೂದು ಒಂದು ನೆವ. ತಿಂಗಳಿಗೊಮ್ಮೆ ಆಕಿ ಮನಿ ಎದುರು ರಸ್ತೆದಾಚಿ ನಿಂತು ಬರ್ತೇನಿ. ಅದನ್ನ ಗುರಪ್ಪನ ಮುಂದ ಅಷ್ಟ ಹೇಳಿದ್ದೆ. ಅದಕ್ಕ ಅಂವ ಅಂದ..." ಗೋಡೆಗೆ ಆನಿಸಿದ್ದ ಮುಖವನ್ನು ಒಮ್ಮೆ ನೋಡಿ, ಗುರಪ್ಪನ ಮೆಲುದನಿಯೇ ಬಂದಂತೆ ಹೇಳಿದ: "'ದಾಟಿಬಿಡ್ರಿ ಗೌಡ್ರ. ರಸ್ತಾ ಅದು, ಹೊಳಿ ಅಲ್ಲ.'"

ಹುಲಿಗೆವ್ವ ಆ ಮಾತನ್ನು ತುಟಿಯಲ್ಲೇ ಒಮ್ಮೆ ಅಂದುಕೊಂಡಳು.

"ಹೌದು, ಹಂಗ ಅಂದಿರ್ತಾನ," ಅಂದಳು. "ದಾಟಿದ್ರೇನ್ರಿ?"

"ಇಲ್ಲ."

"ನಾಕು ವರ್ಷ ಆತಲ್ರಿ ಮತ್ತ," ಅಂದಳು. ಬೈಗುಳದಂತಿರಲಿಲ್ಲ ಅದು. ಬಿಸಿಲಲ್ಲಿ ನಿಂತವರನ್ನು ನೆರಳಿಗೆ ಕರೆದಂತಿತ್ತು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಗುರಪ್ಪನ ಮಗಳು ಸುವರ್ಣಾ ಬಂದಳು. ಹಿಂದೆ ಅವಳ ಗಂಡ ಅರುಣಕುಮಾರ, ಕೈಯಲ್ಲಿ ಅವಳ ಶಾಲೆಯ ಚೀಲ. ಪಾಠ ಮಾಡುತ್ತಿದ್ದಾಗಲೇ ಸುದ್ದಿ ತಿಳಿದು ಹೊರಟುಬಂದಿದ್ದಳು. ಬೆರಳುಗಳಿಗೆ ಇನ್ನೂ ಸೀಮೆಸುಣ್ಣ ಮೆತ್ತಿತ್ತು. "ಅಪ್ಪಾ, ಏಳೋ ಅಪ್ಪಾ" ಎಂದು ಅವಳು ಗುರಪ್ಪನ ಮೊಣಕಾಲು ಹಿಡಿದು ಅಲುಗಿಸಿದಾಗ ಮಾಲೆಯ ಚೆಂಡುಹೂಗಳು ಉದುರಿ ಅವಳ ತಲೆಯ ಮೇಲೆ ಬಿದ್ದವು. ಹುಲಿಗೆವ್ವ ಅವನ್ನು ತೆಗೆಯಲಿಲ್ಲ. ಮಗಳ ಕಿವಿಯಲ್ಲಿ ಏನನ್ನೋ ಹೇಳತೊಡಗಿದಳು. ಹೊಳೆ, ಸೀರೆ ಎಂಬ ಮಾತು ಮಾತ್ರ ಹತ್ತಿರದವರಿಗೆ ಕೇಳಿಸಿತು.

ಎತ್ತುವಾಗ ಬಸಂತರಾಯ ಹೆಗಲು ಕೊಡಲು ಮುಂದೆ ಬಂದ.

"ನೀವ್ಯಾಕ್ರಿ ಗೌಡ್ರ, ನಮ್ಮ ಹುಡುಗರು ಅದಾರ," ಅಂದ ಓಣಿಯ ಹಿರಿಯ.

"ಒಂದೀಟು ದೂರ," ಅಂದ ಬಸಂತರಾಯ. ಒಂದೀಟು ದೂರವೆಂದವನು ಸ್ಮಶಾನದವರೆಗೂ ಹೆಗಲು ಬದಲಿಸಲಿಲ್ಲ. ರುಮಾಲು ಸಡಿಲಾಗಿ ಕುತ್ತಿಗೆಗೆ ಬಂತು. ಹಿಂದಿನಿಂದ ಬುದ್ಧವಂದನೆ, ಹಲಗೆ, ಹೆಂಗಸರ ಅಳು ಎಲ್ಲ ಬೆರೆತು, ಬಿಸಿಲಿನಲ್ಲಿ ಒಂದೇ ಗುಂಯ್ಗುಟ್ಟುವಿಕೆಯಾಗಿ ಕೇಳುತ್ತಿತ್ತು. ಮಣ್ಣು ಕೊಡುವಾಗ ಮೂರು ಹಿಡಿ ಹಾಕಿದ. ನಾಲ್ಕನೆಯದನ್ನು ಹಿಡಿದು, ಹಾಕಬೇಕೋ ಬಿಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದ.

* * *

ತಿರುಗಿ ಬಂದು ಕಾಲು ತೊಳೆದುಕೊಂಡ ಮೇಲೆ ಗಂಡಸರಿಗೆ ಎಲ್ಲಿ ಹೋಗಬೇಕೆಂದು ತೋಚಲಿಲ್ಲ. ಹೋಗೋಣವೆಂದು ಯಾರೂ ಯಾರಿಗೂ ಅನ್ನದೆ, ಸಂಜೆ ಆರಕ್ಕೆ ಕಾಂತು, ಶ್ರೀಶೈಲ, ಬಸಂತರಾಯ ಮೂವರೂ ಬಾರಿನ ಮುಂದಿದ್ದರು. ಷಟರ್ ಇಳಿದಿತ್ತು. ಮೆಟ್ಟಿಲ ಮೇಲೆ ಬಾರಿನ ಮಾಲೀಕ ಚಾಂದಕವಟೆ ಕೀಲಿ ಹಿಡಿದು ಕೂತಿದ್ದ.

"ತಗೀತೀಯೇನು?" ಅಂದ ಶ್ರೀಶೈಲ.

"ಇವತ್ತ ಹ್ಯಾಂಗ ತಗೀಲಿ ಮಾಮಾ? ಯಾರು ಕೊಡಾವ್ರು?" ಅಂದ ಮಾಲೀಕ. ಎದ್ದು ಮನೆಗೂ ಹೋಗಲಿಲ್ಲ. ನಾಲ್ವರೂ ಸಾಲಾಗಿ ಕೂತರು.

ಬೆಳಕು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದಾಗ ರಸ್ತೆಯಲ್ಲಿ ಮೂವರು ಹೆಂಗಸರು ಕಂಡರು. ನಡುವೆ ಹುಲಿಗೆವ್ವ, ಒಂದು ಕಡೆ ಸುವರ್ಣಾ, ಇನ್ನೊಂದು ಕಡೆ ನಜಮಾ. ಗಂಡಸರು ಗಡಬಡಿಸಿ ಎದ್ದರು.

"ಇವತ್ತ ಮನಿ ಬಿಟ್ಟು ಬರಬಾರದು ಯಕ್ಕಾ," ಅಂದ ಕಾಂತು. "ಅದೂ ಇಲ್ಲಿ."

"ಬರಬಾರದು ಅಂತ ಇಪ್ಪತ್ತಾರು ವರ್ಷ ಬರಲಿಲ್ಲಪ್ಪ," ಅಂದಳು ಹುಲಿಗೆವ್ವ. "ಒಂದು ಸಲ ನೋಡಿ ಹೋಗತೇನಿ. ಬಾಗಲಾ ತಗೀರಿ."

ಮಾಲೀಕ ಷಟರ್ ಎತ್ತಿದ. ಒಳಗಿನಿಂದ ತಂಪು ಗಾಳಿ, ಹಳೆಯ ಸೆರೆಯ, ಶೇಂಗಾ ಸಿಪ್ಪೆಯ, ತೊಳೆದ ಕಲ್ಲಿನ ವಾಸನೆ ಬಂತು. ಹುಲಿಗೆವ್ವ ಚಪ್ಪಲಿ ಬಿಚ್ಚಿ ಒಳಗೆ ಕಾಲಿಟ್ಟಳು. ಆರು ಮೇಜು, ಬೆಂಚು, ಕಿಟಕಿ. ಅವಳು ನಡು ಕೋಣೆಯಲ್ಲಿ ನಿಂತು ಸುತ್ತಲೂ ನೋಡಿದಳು.

"ಇಷ್ಟ ಐತೇನು?" ಅಂದಳು. ಹತ್ತಿರದ ಬೆಂಚನ್ನು ಅಂಗೈಯಿಂದ ಸವರಿ ಕೇಳಿದಳು: "ಆಂವ ಎಲ್ಲಿ ನಿಲ್ಲತಿದ್ದ?"

"ಇಲ್ಲಿ," ಎಂದರು ಎಲ್ಲರೂ, ಒಟ್ಟಿಗೆ.

ಕಾಂತು ಗೋಡೆಯ ಬದಿಯ ಮೇಜಿನ ಕಡೆ ಬೆರಳು ಮಾಡಿದ್ದ. ಶ್ರೀಶೈಲ ಮೂಲೆಯ ಬೆಂಚಿನ ಪಕ್ಕಕ್ಕೆ. ಮಾಲೀಕ ತನ್ನ ಗಲ್ಲಾಪೆಟ್ಟಿಗೆಯ ಮುಂದಕ್ಕೆ. ನಜಮಾ ಹೊರಗೆ, ಮೆಟ್ಟಿಲ ಕಡೆ. ಬಸಂತರಾಯನ ಬೆರಳು ಪಡುವಣ ಕಿಟಕಿಯ ಹತ್ತಿರ, ಬಿಸಿಲು ಗೆರೆಗೆರೆಯಾಗಿ ಬಿದ್ದಿದ್ದ ನೆಲವನ್ನು ತೋರಿಸುತ್ತಿತ್ತು.

ಒಬ್ಬರ ಬೆರಳನ್ನು ಇನ್ನೊಬ್ಬರು ನೋಡಿಕೊಂಡರು. ಯಾರೂ ಕೈ ಇಳಿಸಲಿಲ್ಲ.

ಹುಲಿಗೆವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಮಗಳ ಕೈ ಹಿಡಿದು, ಮೊದಲು ಕಾಂತು ತೋರಿಸಿದ ಮೇಜಿನ ಕಡೆ ನಡೆದಳು.